ಬೇರೆ ದಾರದ ಹಾಳೆ

ಪ್ರೊಫೆಸರು ಇಪ್ಪತ್ತೆಂಟು ವರ್ಷದಿಂದ ಕ್ರಿಮಿನಲ್ ಕಾನೂನು ಪಾಠ ಮಾಡುತ್ತಿದ್ದರು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ‘ಕಲಂ ಮೇಷ್ಟ್ರು’ ಎನ್ನುತ್ತಿದ್ದರು. ಪೊಲೀಸರು ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಗಳಲ್ಲಿ ಅವರದು ಎತ್ತಿದ ಕೈ. ಒಂದು ಶನಿವಾರ ಬೆಳಿಗ್ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಅವರ ಕೋಣೆಗೆ ಬಂದಳು.

“ಸೋಮವಾರ ನನ್ನ ತಮ್ಮನ್ನ ಪ್ರೆಸ್ಸಿಂದ ಎತ್ಕೊಂಡು ಹೋದ್ರು ಸಾರ್. ಮಂಗಳವಾರಾನೇ ಬಿಟ್ಟಿದ್ದೀವಿ ಅಂತಾರೆ. ಇನ್ನೂ ಮನೆಗೆ ಬಂದಿಲ್ಲ.”

ಠಾಣೆ ಯಾವುದೆಂದು ಕೇಳಿದ ಪ್ರೊಫೆಸರ ಬಾಯಿಂದ ಮಾತು ಜಾರಿತು. “ಅಲ್ಲಿನ ಇನ್‌ಸ್ಪೆಕ್ಟರ್ ನನ್ನ ಶಿಷ್ಯ.”

ಅವಳು ಎದ್ದು ನಿಂತಳು. “ಹಾಗಾದ್ರೆ ಬೇರೆ ಯಾರನ್ನಾದ್ರೂ ನೋಡ್ತೀನಿ.”

“ಜೊತೆಗೆ ಬನ್ನಿ ಅಮ್ಮಾ. ನಾವು ಏನು ಮಾತಾಡ್ತೀವಿ ಅಂತ ನೀವೇ ಕೇಳಿಸ್ಕೊಳ್ಳಿ.”

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ತಾನೇ ಕುರ್ಚಿ ಎಳೆದು ಕೊಟ್ಟ. ಕೇಳುವ ಮೊದಲೇ ರಿಜಿಸ್ಟರ್ ತೆರೆದಿಟ್ಟ. “ನೀವು ಕಲಿಸಿದ್ದೇ ಸಾರ್. ಪುಸ್ತಕ ಸರಿಯಿದ್ರೆ ಕೋರ್ಟು ತುಟಿ ಪಿಟಕ್ ಅನ್ನಲ್ಲ.”

ಕರೆತಂದ ಸಮಯ, ಡಾಕ್ಟರು ನೋಡಿದ್ದು, ಬಿಟ್ಟ ಸಮಯ, ತಮ್ಮನ ಸಹಿ, ಇಬ್ಬರು ಸಾಕ್ಷಿಗಳು. ಪ್ರೊಫೆಸರು ಹುಡುಕಬಹುದಾದ್ದೆಲ್ಲ ಅಲ್ಲಿತ್ತು. ಅದೇ ಅವರಿಗೆ ಇರುಸುಮುರುಸಾಯಿತು. ಹಿಂದುಮುಂದಿನ ಪುಟಗಳಲ್ಲಿ ಗೀಚು, ತಿದ್ದುಪಡಿ. ಇದೊಂದು ಮಾತ್ರ ಕಾಪಿ ಬರೆದಷ್ಟು ದುಂಡಗೆ. ಆದರೆ ಅಕ್ಷರ ದುಂಡಗಿದೆ ಎಂದು ಯಾವ ನ್ಯಾಯಾಧೀಶರ ಮುಂದೆ ಹೇಳುವುದು?

ಅವಳು ಸಹಿಯ ಕಡೆ ಹೆಚ್ಚು ನೋಡಲಿಲ್ಲ. ಬೀದಿಗೆ ಬಂದ ಮೇಲೆ ಬಾಯಿಬಿಟ್ಟಳು.

“ಆ ಹಾಳೆ ಆಮೇಲೆ ಸೇರಿಸಿದ್ದು. ಪುಸ್ತಕಕ್ಕೆಲ್ಲ ಹತ್ತಿ ದಾರ. ಅಲ್ಲಿ ಮಾತ್ರ ಪಾಲಿಯೆಸ್ಟರ್, ಹೊಳೀತಿತ್ತು.”

“ಖಂಡಿತಾನಾ?”

“ದಿನಾ ಮಾಡೋ ಕೆಲಸ ಸಾರ್.” ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀವೀಗ ಒಳಗೆ ಹೋಗಿ ಇದನ್ನ ಅವರ ಕಿವಿಗೆ ಹಾಕ್ಬಿಡ್ತೀರೇನೋ?”

ಪ್ರೊಫೆಸರಿಗೆ ಕೋಪ ಬರಲಿಲ್ಲ. ಅವಳ ಜಾಗದಲ್ಲಿದ್ದರೆ ತಾನೂ ಹಾಗೇ ಕೇಳುತ್ತಿದ್ದೆ ಅನ್ನಿಸಿತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅರ್ಜಿ ಬರೆದರು. ನಕಲು ಬೇಡ, ಮೂಲ ರಿಜಿಸ್ಟರೇ ಬರಲಿ ಎಂದು ಕೇಳಿದರು. ಅವಳು ಒಂದೊಂದು ಸಾಲನ್ನೂ ಎರಡೆರಡು ಸಲ ಓದಿಸಿ ಸಹಿ ಹಾಕಿದಳು.

ಸೋಮವಾರ ಕೋರ್ಟಿನಲ್ಲಿ ಅವಳು ತೋರಿಸಿದ ಹೊಲಿಗೆಯ ಮೇಲೆ ನ್ಯಾಯಾಧೀಶರು ಉಗುರು ಆಡಿಸಿ, “ಇದನ್ನ ಯಾವಾಗ ಹೊಲಿದಿರಿ?” ಎಂದರು. ಇನ್‌ಸ್ಪೆಕ್ಟರ್ ಪ್ರೊಫೆಸರ ಕಡೆ ನೋಡಿದ.

“ಇವತ್ತು ಸಂಜೆ ನಾಲ್ಕರೊಳಗೆ ಆ ಮನುಷ್ಯ ಇಲ್ಲಿರಬೇಕು,” ಎಂದರು ನ್ಯಾಯಾಧೀಶರು.

ಮೂರೂವರೆಗೆ ಜೀಪಿನಿಂದ ತಮ್ಮ ಇಳಿದ. ಕುಂಟುತ್ತಿದ್ದ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಕ್ಕ ಓಡಿಹೋಗಿ ಹೆಗಲು ಕೊಟ್ಟಳು. ಕೋರ್ಟು ಅವನನ್ನು ಅಲ್ಲೇ ಬಿಡುಗಡೆ ಮಾಡಿತು. ಹೊರಡುವಾಗ ಅವಳು ತಿರುಗಿ ಕೇಳಿದಳು. “ಪುಸ್ತಕ ಇಷ್ಟು ಚೆನ್ನಾಗಿ ಬರೆಯೋದು ಅವರಿಗೆ ಯಾರು ಕಲಿಸಿದ್ದು ಸಾರ್?”

“ನಾನೇ.”

ಅವಳು ತಮ್ಮನನ್ನು ಕರೆದುಕೊಂಡು ಹೋದಳು.

ಮರುದಿನ ತರಗತಿಯಲ್ಲಿ ಅದೇ ಪಾಠ. ಠಾಣೆಯ ಪುಸ್ತಕದಲ್ಲಿ ಕೋರ್ಟು ಯಾವ ಯಾವ ತಪ್ಪು ಹಿಡಿಯುತ್ತದೆ ಎಂದು ಹೇಳುತ್ತಿದ್ದ ಪ್ರೊಫೆಸರು ತಟ್ಟನೆ ನಿಲ್ಲಿಸಿದರು. ಮುಂದಿನ ಬೆಂಚಿನ ಹುಡುಗಿ ಒಂದು ಸಾಲಿನ ಕೆಳಗೆ ಗೆರೆ ಎಳೆಯುತ್ತಿದ್ದಳು.

“ಅದನ್ನ ಯಾಕೆ ಬರ್ಕೊಳ್ತಿದ್ದೀಯಮ್ಮಾ?”

“ಪರೀಕ್ಷೆಗೆ ಸಾರ್,” ಎಂದಳು ಅವಳು ಗಾಬರಿಯಾಗಿ.

ನಂಬಲೋ ಬೇಡವೋ ತಿಳಿಯದೆ ಅವರು ಅವಳ ಮುಖವನ್ನೇ ನೋಡುತ್ತ ನಿಂತರು.