ಯಶೋಧರಾ ಹತ್ತಿರ ಕಲಿತವಳು

ಯಶೋಧರಾಳ ಹೆಣದ ತಲೆದೆಸೆಯ ದೀಪಕ್ಕೆ ಚೌಡೇಶ್ವರಿ ಎಣ್ಣೆ ಹಾಕುತ್ತಿದ್ದಾಗ ಒಳಕೋಣೆಯಿಂದ ಟಿಣ್ ಎಂದು ಸಣ್ಣ ಸದ್ದು ಬಂತು. ಓಣಿಯೆಲ್ಲ ಮಲಗಿದ ಹೊತ್ತು. ಬತ್ತಿ ಸರಿಮಾಡಿ ಎದ್ದುಹೋದಳು. ಗೂಟಕ್ಕೆ ತೂಗಿದ್ದ ಯಶೋಧರಾಳ ನೀಲಿ ಚೀಲದೊಳಗೆ ಆಫೀಸಿನ ಟ್ಯಾಬ್ ಬೆಳಗುತ್ತಿತ್ತು. ನ್ಯಾಮತಿ ಶಾಲೆಗಳ ಸುತ್ತು ಸೋಮವಾರ ಶುರು ಎಂದು ಅದು ನೆನಪಿಸುತ್ತಿತ್ತು. ಆರಿಸಲು ಬಾರದೆ, ಟವೆಲ್ಲಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದಳು.

ಹೊರಗೆ ಅತ್ತೆ ಸಾವಂತ್ರಮ್ಮ ಮಗಳ ಕಾಲ ಬಳಿ ಗೋಡೆಗೊರಗಿ ಕೂತಿದ್ದಳು.

"ಏನದು ಸದ್ದು?"

"ಅಕ್ಕನ ಕೆಲಸದ್ದು ಅತ್ತೆ. ಸ್ಕೂಲಿಂದು."

"ಹಂಗಾದ್ರೆ ಹುಡುಗ್ರಿಗೆ ಗೊತ್ತಾಗೈತೆ. ಬೆಳಗ್ಗೆ ಬರ್ತಾವೆ ಬಿಡು."

ಹಾಗಲ್ಲ ಎಂದು ಹೇಳಬೇಕಿತ್ತು. ಚೌಡೇಶ್ವರಿ ಎಣ್ಣೆ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು.

ಬೆಳಗಾದ ಮೇಲೆ ಆ ಮಾತು ದೊಡ್ಡದಾಯಿತು. ಚಟ್ಟ ಕಟ್ಟಿಯಾಗಿತ್ತು. ಹಿರಿಯ ಜಂಪಣ್ಣ ಎತ್ತೋಣವೆಂದಾಗ ಸಾವಂತ್ರಮ್ಮ ಅಡ್ಡ ಕೂತಳು.

"ನನ್ ಮಗಳು ಮದುವಿ ಆಗ್ಲಿಲ್ಲ, ಮಕ್ಕಳಿಲ್ಲ. ಅವಳ ಬಾಯಿಗೆ ಅಕ್ಕಿಕಾಳು ಹಾಕಾಕೆ ಅವಳ ಹತ್ರ ಕಲ್ತೋರು ಒಬ್ರಾದ್ರೂ ಬರ್ಲಿ. ಅಲ್ಲೀತನಕ ಯಾರೂ ಮುಟ್ಟಂಗಿಲ್ಲ."

"ಬಿಸಿಲು ಏರ್ತಾ ಐತಲ್ಲಮ್ಮ," ಎಂದ ಜಂಪಣ್ಣ.

"ಏರ್ಲಿ."

ಪಕ್ಕದ ಮನೆಯ ಕೆಂಪಕ್ಕ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿದಳು: "ಡ್ರಿಲ್ ಮೇಷ್ಟ್ರು ಸತ್ತಾಗ ಓಣಿ ತುಂಬಿತ್ತು. ಅಷ್ಟು ಹೊಡೀತಿದ್ದ, ಆದ್ರೂ ಬಂದ್ವು. ಇವಳೆಂಥ ಟೀಚರೇ, ಒಂದು ನರಪಿಳ್ಳೆ ಇಲ್ಲ?"

ಮಾಲತೇಶ್ ಹೆಂಡತಿ ಚೌಡೇಶ್ವರಿಯನ್ನು ಹಿತ್ತಲಿಗೆ ಕರೆದ. "ಅವ್ವಂಗೆ ನೀನಾರ ಹೇಳೇ. ಅಕ್ಕ ಯಾರಿಗೆ ಪಾಠ ಹೇಳಿದ್ಲು?"

"ನಿಮ್ಮವ್ವ, ನೀವೇ ಹೇಳ್ರಿ."

ಅವನು ಸೌದೆ ಗಾಡಿ ನೋಡಿಬರುತ್ತೇನೆಂದು ಹೋದ.

*

ಚೌಡೇಶ್ವರಿ ಒಮ್ಮೆ ಗಂಡನ ಅಕ್ಕನ ಜೊತೆ ಸೂಳೆಕೆರೆ ಕಡೆಯ ಶಾಲೆಯೊಂದಕ್ಕೆ ಹೋಗಿದ್ದಳು. ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸುವ ಹೊಸ ಕಾರ್ಯಕ್ರಮವೊಂದನ್ನು ಒಂದು ಸಂಸ್ಥೆ ಆ ಶಾಲೆಗಳಲ್ಲಿ ನಡೆಸುತ್ತಿತ್ತು. ಅದರಿಂದ ಮಕ್ಕಳಿಗೆ ನಿಜಕ್ಕೂ ಏನಾದರೂ ಬಂದಿದೆಯೇ ಎಂದು ನೋಡುವುದಷ್ಟೇ ಯಶೋಧರಾಳ ಕೆಲಸ. ಹೋದ ಶಾಲೆಗೆ ಮತ್ತೆ ಹೋಗುವಂತಿಲ್ಲ. ಸರಿ ಎನ್ನುವಂತಿಲ್ಲ, ತಪ್ಪು ಎನ್ನುವಂತಿಲ್ಲ, ಮುಖದಲ್ಲೂ ತೋರಿಸುವಂತಿಲ್ಲ.

ಎಂಟುನೂರ ನಾಲ್ಕನ್ನು ನಾಲ್ಕರಿಂದ ಭಾಗಿಸು ಎಂದಿದ್ದಕ್ಕೆ ಎರಡು ಜಡೆಯ ಹುಡುಗಿಯೊಂದು ಇನ್ನೂರ ಒಂದು ಎಂದು ಬರೆಯಿತು. ತಲೆಯೆತ್ತಿ, "ಸರೀನಾ ಮಿಸ್?" ಎಂದಿತು.

ಯಶೋಧರಾ ಸುಮ್ಮನಿದ್ದಳು. ಹುಡುಗಿ ಅವಳ ಮುಖ ನೋಡಿತು, ಹಾಳೆ ನೋಡಿತು. ಆಮೇಲೆ ರಬ್ಬರ್ ತೆಗೆದುಕೊಂಡು ನಡುವಿನ ಸೊನ್ನೆಯನ್ನು ಮೆಲ್ಲಗೆ ಅಳಿಸಿತು. ಇಪ್ಪತ್ತೊಂದು.

ವಾಪಸ್ ಬರುವ ಬಸ್ಸಿನಲ್ಲಿ ಯಶೋಧರಾ ಕಿಟಕಿಯ ಕಡೆ ತಿರುಗಿ ಹೇಳಿದಳು: "ಮೊದ್ಲು ಬರ್ದಿದ್ದೇ ಸರಿ ಇತ್ತು ಕಣೇ ಚೌಡಿ."

"ಹೇಳ್ಬಾರದಿತ್ತಾ?"

"ಹೇಳಿದ್ರೆ ನಾನು ಹೇಳ್ಕೊಟ್ಟಿದ್ದನ್ನೇ ನಾನು ಅಳ್ದಂಗಾಗ್ತದೆ. ಅಲ್ಲಿ ಏನು ಕಲ್ಸಿದಾರೆ ಅಂತ ನೋಡಾಕೆ ಹೋದೋಳು ನಾನು."

"ಅತ್ತೆ ನಿನ್ನ ಟೀಚರ್ ಅಂತಾರಲ್ಲಕ್ಕ. ಹಿಂಗಲ್ಲ ಅಂತ ಹೇಳು ಮತ್ತೆ."

"ಅಳೆಯೋ ಕೆಲಸ ಅಂದ್ರೆ ಅವ್ವ ಸರ್ವೆ ಅಂದ್ಕಂತಾಳೆ. ಅಣ್ತಮ್ಮರ ಹೊಲಕ್ಕೆ ಚೈನ್ ಹಿಡಿಯಾಕೆ ಕಳಿಸ್ತಾಳೆ ಅಷ್ಟೆ," ಎಂದು ಯಶೋಧರಾ ನಕ್ಕಳು.

*

ಮಧ್ಯಾಹ್ನದ ಹೊತ್ತಿಗೆ ಓಣಿಯ ತುದಿಯಲ್ಲಿ ಆಟೋ ನಿಂತಿತು. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯೊಬ್ಬಳು ಇಳಿದು, ಜನರನ್ನು ಕಂಡು ಹಿಂಜರಿದಳು.

"ಯಶೋಧರಾ ಮೇಡಂ ಮನಿ..."

ಸಾವಂತ್ರಮ್ಮ ಗೋಡೆ ಹಿಡಿದು ಎದ್ದೇಬಿಟ್ಟಳು. "ಬಾ ನನ್ನವ್ವ. ಯಾವೂರಿಂದ ಬಂದೆ?"

"ಜಗಳೂರಿಂದ ಅಜ್ಜಿ. ಅನಿತಾ ಅಂತ."

"ಕೇಳಿದ್ರೇನ್ರೋ? ಜಗಳೂರಿಂದ!" ಮುದುಕಿ ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಂಡಳು. "ನನ್ ಮಗಳ ಹತ್ರ ಕಲ್ತೋಳಾ ನೀನು?"

ಅನಿತಾ ಬಾಯಿ ತೆರೆದಳು. ಜನರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳು ಏನಾದರೂ ಹೇಳುವ ಮೊದಲೇ ಚೌಡೇಶ್ವರಿ ಮುಂದೆ ಬಂದು ಅಕ್ಕಿಯ ತಟ್ಟೆ ಒಡ್ಡಿದಳು.

ಅನಿತಾ ತಟ್ಟೆ ನೋಡಿದಳು, ಚೌಡೇಶ್ವರಿಯನ್ನು ನೋಡಿದಳು. ಚಪ್ಪಲಿ ಬಿಟ್ಟು ಬಂದು ಮಂಡಿಯೂರಿ, ತಣ್ಣಗಿನ ತುಟಿಗಳ ಮೇಲೆ ನಾಲ್ಕು ಕಾಳು ಹಾಕಿದಳು.

"ಇನ್ನು ಎತ್ರಿ," ಎಂದಳು ಸಾವಂತ್ರಮ್ಮ.

ಗಂಡಸರು ಹೊಳೆಯ ಕಡೆ ಹೊರಟ ಮೇಲೆ ಹಿತ್ತಲಲ್ಲಿ ಅನಿತಾ ಕೈತೊಳೆಯುತ್ತ ನಿಂತಳು. ಮುಖವೂ ಒದ್ದೆಯಾಗಿತ್ತು.

"ಅವ್ರನ್ನ ನಾನು ನೋಡೇ ಇಲ್ಲ ಅಕ್ಕಾ. ಟ್ಯಾಬ್, ಬ್ಯಾಗು ಇಸ್ಕಂಬಾ ಅಂತ ಆಫೀಸಿಂದ ಕಳ್ಸಿದ್ರು. ಸೋಮವಾರದಿಂದ ಅವ್ರ ಸುತ್ತು ನಂಗೆ ಹಾಕಿದಾರೆ. ಹೊರಗೇ ನಿಂತು ಕೇಳಣ ಅಂತ ಬಂದೆ. ಆ ಅಜ್ಜಿ..."

ಚೌಡೇಶ್ವರಿ ಒಳಗಿಂದ ನೀಲಿ ಚೀಲ ತಂದು ಕೊಟ್ಟಳು. ಅನಿತಾ ಅದನ್ನು ಹೆಗಲಿಗೇರಿಸಿದಳು. ಪಟ್ಟಿ ಅವಳಿಗೆ ಉದ್ದವಾಯಿತು.

"ಹೆಂಗಿದ್ರು ಅಕ್ಕಾ ಅವ್ರು?"

ಚೌಡೇಶ್ವರಿ ಯೋಚಿಸಿದಳು. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವಳು.

"ಟೀಗೆ ಸಕ್ಕರೆ ಜಾಸ್ತಿ ಬೇಕಿತ್ತು," ಎಂದಳು.

ಸಂಜೆ ಮಾಲತೇಶ್ ಸ್ನಾನ ಮಾಡಿ ಬಂದು, ಒದ್ದೆ ತಲೆಯಲ್ಲೇ ಹೆಂಡತಿಯ ಪಕ್ಕ ನಿಂತ. "ಯಾರೇ ಆ ಹುಡುಗಿ? ನಿಜವಾಗ್ಲೂ ಅಕ್ಕ ಕಲಿಸಿದ್ಲಾ?"

ಚೌಡೇಶ್ವರಿ ಪೊರಕೆ ನಿಲ್ಲಿಸಿದಳು. ಗಂಡನಿಗಾದರೂ ಹೇಳಬಹುದಿತ್ತು. ಆದರೆ ಇವನಿಗೆ ಹೇಳಿದ್ದು ಜಂಪಣ್ಣನಿಗೆ, ಜಂಪಣ್ಣನಿಗೆ ಹೋದದ್ದು ಕೆಂಪಕ್ಕನಿಗೆ. ಇವನಿಗೂ ಬೇಡ, ಯಾರಿಗೂ ಬೇಡ.

"ಹೂಂ ಮತ್ತೆ. ಜಗಳೂರಲ್ಲಿ," ಎಂದು ಅವಳು ಕೊಡ ಬಗ್ಗಿಸಿದಳು. ನೀರು ಪಡಸಾಲೆಯ ತುಂಬ ಹರಡಿತು.

ಹೊರಗೆ ಕಟ್ಟೆಯ ಮೇಲೆ ಸಾವಂತ್ರಮ್ಮ, ತಡವಾಗಿ ಬಂದವರನ್ನು ಕೂರಿಸಿಕೊಂಡು ಹೇಳುತ್ತಿದ್ದಳು:

"ಸಣ್ಣೋಳಿದ್ದಾಗ ಲೆಕ್ಕ ಅಂದ್ರೆ ಅಳ್ತಿದ್ಲಂತೆ ಆ ಹುಡುಗಿ. ನಮ್ ಯಶೋಧ ತೊಡಿ ಮ್ಯಾಲೆ ಕೂರಿಸ್ಕಂಡು ಹೇಳ್ಕೊಟ್ಲಂತೆ."