ಮಿರೆಲ್‌ಳ ಜೀಗುಜ್ಜೆ ಮರ

ಕ್ಲೋತಿಲ್ಡಳಿಗೆ ಮನೆ ಬೇಕಾಗಿರಲಿಲ್ಲ. ಕಟ್ಟಿಕೊಟ್ಟರೂ ಅದರೊಳಗೆ ಯಾರನ್ನು ಮಲಗಿಸುವುದು? ಚಂಡಮಾರುತ ಬಂದಾಗ ಹೊಳೆ ಉಕ್ಕಿ ಮನೆಯನ್ನು ಕೆಡವಿ, ಮಗಳು ಮಿರೆಲ್‌ಳನ್ನು ಅವಳ ಕೈಯಿಂದಲೇ ಕಿತ್ತುಕೊಂಡು ಹೋಗಿತ್ತು. ಸಮುದ್ರದವರೆಗೂ ಹುಡುಕಿದರು, ಒಂದು ಚಪ್ಪಲಿಯೂ ಸಿಗಲಿಲ್ಲ. ಮಣ್ಣು ಮಾಡಲು ದೇಹವಿಲ್ಲ, ದೀಪ ಹಚ್ಚಲು ಗೋರಿಯಿಲ್ಲ. ಅವಳು ಇನ್ನೂ ಅತ್ತಿರಲಿಲ್ಲ. ಎಲ್ಲಿ ಕೂತು ಅಳಬೇಕು ಪಾಪ, ಒಂದು ಜಾಗ ಅಂತ ಬೇಡವೇ?

ಕೆರಿಬಿಯನ್ ದ್ವೀಪ ಡೊಮಿನಿಕಾದ ಆ ಕಡೆಯ ಊರುಗಳಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಅಂಗಳದ ಮರದ ಬುಡದಲ್ಲಿ ಹೂಳುತ್ತಾರೆ. ಅಂದಿನಿಂದ ಆ ಮರ ಆ ಮಗುವಿನದು. ಕಡಿಯಬೇಕಾದರೆ ಅದು ಯಾರದೋ ಅವರನ್ನೇ ಕೇಳಬೇಕು. ಕ್ಲೋತಿಲ್ಡಳ ಅಂಗಳದಲ್ಲಿ ಹಲಸಿನ ಜಾತಿಯ ಎರಡು ಹಳೆಯ ಜೀಗುಜ್ಜೆ ಮರಗಳಿದ್ದವು. ಗುಡ್ಡದ ಕಡೆಯದು ತಮ್ಮ ಫಿಟ್ಸ್‌ರಾಯ್‌ನದು, ಹೊಳೆ ಕಡೆಯದು ಮಿರೆಲ್‌ಳದು. ಆ ಹಾಳು ಗಾಳಿ ಎರಡನ್ನೂ ಬುಡಮೇಲು ಮಾಡಿತು. ಒಂದನ್ನು ನೀರು ಒಯ್ದಿತು, ಒಂದು ಬಿದ್ದಲ್ಲೇ ಉಳಿಯಿತು. ಗುಡ್ಡ ಜಾರಿ, ಹೊಳೆ ಹೊಸ ದಾರಿ ಹಿಡಿದು, ಯಾವುದು ಎಲ್ಲಿತ್ತೆಂಬ ಗುರುತೇ ಅಳಿಸಿಹೋಗಿತ್ತು.

"ಹೋಗಿದ್ದು ಮಗೂದು ಅಕ್ಕಾ, ಅವಳ ಜೊತೇಲೇ ಹೋಯ್ತು" ಎಂದು ಫಿಟ್ಸ್‌ರಾಯ್ ಹೇಳಿದ್ದ. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ ಕ್ಲೋತಿಲ್ಡ ಅದನ್ನೇ ನಂಬಿದಳು.

ಗುಡ್ಡದಾಚೆಯ ಊರಿನವರು ಮನೆ ಕಟ್ಟಿಕೊಡಲು ಬಂದರು. ಇಂಥ ಕೆಲಸಕ್ಕೆ ಅಲ್ಲಿ ಕೂಲಿಯ ಮಾತಿಲ್ಲ, ಮನೆಯವರು ಊಟ ಹಾಕಿದರೆ ಸಾಕು. ಅವರಲ್ಲಿ ಯಂತ್ರದ ಗರಗಸ ಹಿಡಿಯುವವನು ಆಕ್ಟೇವ್. ಬಿದ್ದ ಮರ ನೋಡಿ ರೀತಿಯಂತೆ ಕೇಳಿದ. "ಇದು ಯಾರ ಮರ?"

"ನಂದೇ" ಎಂದ ಫಿಟ್ಸ್‌ರಾಯ್. "ಕೊಯ್ಯಿರಿ. ಅಕ್ಕನ ಮನೆ ನೆಲಕ್ಕಾಗ್ಲಿ."

ಹೊಕ್ಕುಳ ಮರ ಕೊಡುವುದೆಂದರೆ ಹುಡುಗಾಟವಲ್ಲ. ಆಕ್ಟೇವ್ ಟೋಪಿ ತೆಗೆದು, ಆಮೇಲೆ ಗರಗಸ ಎತ್ತಿದ್ದ.

ಕೋಲೂರಿಕೊಂಡು ಕ್ಲೋತಿಲ್ಡ ಆಸ್ಪತ್ರೆಯಿಂದ ಬರುವಷ್ಟರಲ್ಲಿ ನೆಲಕ್ಕೆ ಹಲಗೆ ಬಡಿದಾಗಿತ್ತು. ಆ ಮಧ್ಯಾಹ್ನ ಅವಳೇ ಬೇಯಿಸಿದ ಬಾಳೆಕಾಯಿ, ಉಪ್ಪುಮೀನು ಬಡಿಸಿದಳು.

"ನಿಮ್ಮ ತಮ್ಮನ ಮರಾನೂ ಅವನಷ್ಟೇ ಮೊಂಡು ಕಣಮ್ಮಾ" ಎಂದ ಆಕ್ಟೇವ್, ಬಾಯಿ ತುಂಬ ಮೀನಿಟ್ಟುಕೊಂಡು. "ನನ್ನ ಗರಗಸದ ಹಲ್ಲು ಉದುರಿಸ್ತು."

"ಅಷ್ಟು ಗಟ್ಟಿ ಆಗಿದ್ರೆ ಇವನಿಗೆ ಇಷ್ಟೊತ್ತಿಗೆ ಮದುವೆ ಆಗಿರೋದು" ಎಂದಳು ಕ್ಲೋತಿಲ್ಡ. ಎಲ್ಲರೂ ನಕ್ಕರು. ಅವಳಿಗೂ ನಗು ಬಂತು.

"ಸುಳ್ಳಲ್ಲಮ್ಮಾ, ಇದೇ ಸಿಕ್ಕಿದ್ದು ಒಳಗೆ." ಆಕ್ಟೇವ್ ಜೇಬಿನಿಂದ ಚೌಕ ತಲೆಯ ದೋಣಿ ಮೊಳೆಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

ಫಿಟ್ಸ್‌ರಾಯ್ ದೋಣಿ ಕಟ್ಟುವವನು. ಮಿರೆಲ್ ಶಾಲೆಗೆ ಸೇರಿದ ವರ್ಷ, ಬ್ಯಾಗ್ ತೂಗುಹಾಕಲು ನನ್ನ ಮರಕ್ಕೊಂದು ಮೊಳೆ ಬೇಕೇಬೇಕು ಎಂದು ಹಟ ಹಿಡಿದಾಗ ಆ ಮೊಳೆ ಹೊಡೆದುಕೊಟ್ಟವನು ಅವನೇ. ಬರಬರುತ್ತಾ ಮರ ಅದನ್ನು ನುಂಗಿಕೊಂಡಿತ್ತು. ಮೊಳೆ ನೋಡಿ ಫಿಟ್ಸ್‌ರಾಯ್‌ನ ಕೈಯ ತಟ್ಟೆ ಜಾರಿ ಮಣ್ಣಿಗೆ ಬಿತ್ತು.

"ಅಕ್ಕಾ... ನಂದು ಅಂದ್ಕೊಂಡೆ. ನಂದು ಅಂತಾನೇ ಕೊಟ್ಟೆ."

ಕ್ಲೋತಿಲ್ಡ ಬೈಯಲಿಲ್ಲ. ಹೊಸ ಮನೆಯೊಳಗೆ ಹೋಗಿ ನೆಲದ ಮೇಲೆ ಕೂತು ಹಲಗೆ ಸವರಿದಳು.

"ಇಲ್ಲೇ ಇದ್ದಳಲ್ಲೋ" ಎಂದಳು. "ಆಸ್ಪತ್ರೆ ಕಿಟಕೀಲಿ ಸಮುದ್ರ ನೋಡ್ಕೊಂಡು ಕೂತಿದ್ದೆ ನಾನು. ಇವಳು ನಮ್ಮನೆ ಅಂಗಳದಲ್ಲೇ ಬಿದ್ದಿದ್ದಳು." ಆಮೇಲೆ ಆಕ್ಟೇವ್‌ನ ಕಡೆ ತಿರುಗಿ, "ಕೀಳಿ ಇದನ್ನ" ಎಂದಳು.

"ತಾಯೀ, ನಾಳೆ ನಾವು ಹೊರಡಬೇಕು" ಎಂದ ಆಕ್ಟೇವ್ ಮೆಲ್ಲಗೆ. "ಬೇರೆ ಹಲಗೆ ಇಲ್ಲ."

"ಮಣ್ಣಲ್ಲೇ ಮಲಗ್ತೀನಪ್ಪಾ. ಇವಳನ್ನ ತುಳ್ಕೊಂಡು ಓಡಾಡು ಅಂತೀಯಾ?"

ಬಡಿದವರೇ ಒಂದೊಂದಾಗಿ ಹಲಗೆ ಕಿತ್ತರು. ಆ ಹಲಗೆಯಿಂದಲೇ ಮಗುವಿಗೆ ಶವಪೆಟ್ಟಿಗೆ ಮಾಡಲೆಂದು ಫಿಟ್ಸ್‌ರಾಯ್ ಅಳತೆಪಟ್ಟಿ ಹಿಡಿದು ಅಕ್ಕನ ಮುಂದೆ ನಿಂತ. ಅವಳೇ ತನ್ನ ಎದೆಯ ಕೆಳಗೆ ಅಂಗೈ ಅಡ್ಡ ಹಿಡಿದು, "ಇಲ್ಲಿಗೆ ಬರ್ತಿದ್ದಳು" ಎಂದಳು. ಅವನು ಅಲ್ಲಿಂದ ನೆಲದವರೆಗೆ ಅಳೆದುಕೊಂಡ. ಬೇರೆ ಯಾರಿಗೂ ಉಳಿ ಕೊಡಲಿಲ್ಲ.

ಬಿಸಿಲು ಇಳಿಯುವ ಮುಂಚೆ ಪೆಟ್ಟಿಗೆ ಆಯಿತು. ಒಳಗಿಡಲು ಆ ಮೊಳೆಯೊಂದೇ ಇದ್ದದ್ದು. ಮರ ಬೇರುಸಹಿತ ಎದ್ದು ಆಗಿದ್ದ ಗುಂಡಿಯನ್ನೇ, ಮಿರೆಲ್‌ಳ ಹೊಕ್ಕುಳಬಳ್ಳಿ ಹೂತಿದ್ದ ಜಾಗವನ್ನೇ, ಗಂಡಸರು ಹಸನು ಮಾಡಿದರು. ವಾಡಿಕೆಯಂತೆ ನಾಲ್ಕು ಜನ ಪೆಟ್ಟಿಗೆ ಎತ್ತಲು ಮುಂದೆ ಬಂದರು.

"ಬಿಡಿ, ಏನೂ ಭಾರ ಇಲ್ಲ" ಎಂದಳು ಕ್ಲೋತಿಲ್ಡ. ಕೋಲನ್ನು ತಮ್ಮನ ಕೈಗೆ ಕೊಟ್ಟಳು. "ನನ್ನ ಮಗೂನ ನಾನೇ ಎತ್ಕೋತೀನಿ."

ಕುಂಟುತ್ತಾ ನಡೆದಳು. ಹೆಜ್ಜೆ ಹೆಜ್ಜೆಗೂ ಒಳಗೆ ಮೊಳೆ ಅತ್ತಿತ್ತ ಉರುಳುವ ಸದ್ದು. ಪೆಟ್ಟಿಗೆ ಇಳಿಸಿ, ಮಣ್ಣು ಮುಚ್ಚಿದ ಮೇಲೆ ಅದರ ಪಕ್ಕದಲ್ಲಿ ಕೂತಳು. ಆಗ ಅತ್ತಳು, ಬಾಯಿ ಬಿಟ್ಟು, ಮಗಳ ಹೆಸರು ಹಿಡಿದು. ನೆಲವಿಲ್ಲದ ಮನೆಯ ಬಾಗಿಲಲ್ಲಿ ಗುಡ್ಡದಾಚೆಯ ಊರಿನವರು ನಿಂತಿದ್ದರು. ಯಾರೂ ಅವಳಿಗೆ ಸಾಕು ಏಳು ಅನ್ನಲಿಲ್ಲ.