ಬೌಕೆ ನೀರಿಗೆ ಬಿದ್ದ ದಿನ

ನನ್ನ ದೊಡ್ಡಪ್ಪನ ಮಗಳು ಬೌಕೆ, ಗಂಡ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಮತ್ತೆ ಮದುವೆಯಾದಾಗ, ನಮ್ಮ ಫ್ರೀಸ್‌ಲ್ಯಾಂಡಿನ ಸರೋವರದೂರಿನವರಿಗೆ ಬೇಸರವಾದದ್ದು ಒಂದೇ ವಿಷಯಕ್ಕೆ: ಹೊಸ ಗಂಡನಿಗೆ ಹಾಯಿದೋಣಿ ನಡೆಸಲು ಬರುತ್ತಿರಲಿಲ್ಲ. ಆ ಹೊಸ ಗಂಡ ಶೆಂಗ್ ದಕ್ಷಿಣದ ಗುಡ್ಡಗಳ ಕಡೆಯವನು, ಬೇಕರಿ ಇಟ್ಟಿದ್ದವನು, ಅವನೂ ಹೆಂಡತಿಯನ್ನು ಕಳೆದುಕೊಂಡವನು.

ಆದರೆ ಛಲಗಾರ. ಮೇ ತಿಂಗಳಲ್ಲಿ ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಅದರ ಮೇಲೊಂದು ಪುಟ್ಟ ಹಾಯಿದೋಣಿ ತಂದೇಬಿಟ್ಟ. ದಡದ ಇಳಿಜಾರಿನಲ್ಲಿ ಹಿಂದಕ್ಕೆ ಬಿಡುವಾಗ ಟ್ರೇಲರ್ ಅವನು ಎಡಕ್ಕೆಂದರೆ ಬಲಕ್ಕೆ ಹೋಗುತ್ತಿತ್ತು.

"ಸ್ಟೀರಿಂಗ್ ತಿರುಗಿಸ್ತಿದೀಯೋ, ಹಿಟ್ಟು ನಾದ್ತಿದೀಯೋ?" ಎಂದು ಬೌಕೆ ಕೂಗಿದಳು.

"ಹಿಟ್ಟಾದ್ರೆ ಹೇಳಿದ ಮಾತು ಕೇಳತ್ತೆ ಕಣೇ!"

ಹೇಗೋ ದೋಣಿ ನೀರಿಗಿಳಿಯಿತು. ಕಂಬ ನಿಲ್ಲಿಸಿ, ಹಾಯಿ ಏರಿಸಿ ಹೊರಟರು. ನಾನು ಅಷ್ಟು ದೂರದಲ್ಲಿ ನನ್ನ ಮೋಟಾರು ದೋಣಿಯಲ್ಲಿ ಗಾಳ ಹಾಕಿ ಕೂತಿದ್ದೆ.

ದೋಣಿ ತಿರುಗಿಸುವ ಮುಂಚೆ ಕೂಗಿ ಹೇಳಬೇಕು, ಇಲ್ಲವಾದರೆ ಹಾಯಿಯ ಕೆಳಗಿನ ಅಡ್ಡಮರ ಬೀಸಿ ಬಂದು ತಲೆಗೆ ಬಡಿಯುತ್ತದೆ ಎಂದು ಬೌಕೆ ಪಾಠ ಮಾಡಿದ್ದಳು. ಎದುರಿಗೆ ಬಾತುಕೋಳಿಯೊಂದು ಮರಿಗಳ ಸಮೇತ ಬಂದ ಗಡಿಬಿಡಿಯಲ್ಲಿ ಶೆಂಗ್ ಕೂಗದೆಯೇ ತಿರುಗಿಸಿಬಿಟ್ಟ. ಕಾಫಿ ಬಗ್ಗಿಸಲು ಎದ್ದಿದ್ದ ಬೌಕೆ ಅಡ್ಡಮರ ತಪ್ಪಿಸಿಕೊಳ್ಳಲು ಹಿಂದೆ ಸರಿದವಳು ಬೆನ್ನಡಿಯಾಗಿ ನೀರಿಗೆ ಬಿದ್ದಳು.

ಲೈಫ್ ಜಾಕೆಟ್ ಇದ್ದುದರಿಂದ ತಕ್ಷಣ ತಲೆ ಮೇಲೆ ಬಂತು. ದೋಣಿ ಮಾತ್ರ ಶೆಂಗನನ್ನು ಕರೆದುಕೊಂಡು ಹೊರಟೇ ಹೋಯಿತು.

"ಬೌಕೆ! ಏನ್ಮಾಡ್ಲಿ?"

"ವಾಪಸ್ ಬಾ ಮಾರಾಯ! ಮದುವೆಯಾಗಿ ವರ್ಷ ಆಗಿಲ್ಲ, ಆಗ್ಲೇ ಬಿಟ್ಟು ಹೋಗ್ತೀಯಾ?"

ಮೊದಲ ಸಲ ಅವನು ಅದೇ ರಭಸದಲ್ಲಿ ಬಂದು ಅವಳನ್ನು ದಾಟಿಹೋದ.

"ಕೈ ಅಡ್ಡ ಹಾಕಿದ್ರೂ ನಿಲ್ಸಲ್ವಲ್ಲ, ಬಸ್ಸಿನವರಿಗಿಂತ ಕಡೆ ನೀನು!"

ಮುಂದಿನ ಸಲ ದೋಣಿ ದೂರದಲ್ಲೇ ನಿಂತು ಪಕ್ಕಕ್ಕೆ ತೇಲಿತು. ನಾನು ಗಾಬರಿಯಿಂದ ಮೋಟಾರಿಗೆ ಕೈಹಾಕಿದೆ. ಬೌಕೆ ನನ್ನತ್ತ ತಿರುಗಿ, ಬೇಡವೆಂದು ಕೈ ಆಡಿಸಿದಳು. ಅವಳು ಅಲೆಗೆ ಅಲುಗದೆ ಇರುವುದನ್ನು ನೋಡಿ ನನಗೆ ಅರ್ಥವಾಯಿತು. ಸುಮ್ಮನೆ ಕೂತೆ.

"ಗಾಳಿಗೆ ಎದುರಾಗಿ ಬಾ! ಹಾಯಿ ಹಗ್ಗ ಸಡಿಲ ಬಿಡು!"

ಈ ಬಾರಿ ಅವನು ಅವಳನ್ನು ದಾಟದೆ, ದೂರದಿಂದಲೇ ಸುತ್ತಿ ಬಂದು ದೋಣಿಯ ಮೂತಿಯನ್ನು ಗಾಳಿಗೆ ಎದುರು ಮಾಡಿದ, ಹಗ್ಗ ಬಿಟ್ಟ. ಹಾಯಿ ಪಟಪಟ ಬಡಿಯಿತು. ದೋಣಿ ನಿಧಾನವಾಗಿ ಬಂದು ಅವಳ ಪಕ್ಕದಲ್ಲೇ ನಿಂತಿತು. ಶೆಂಗ್ ಎರಡೂ ಕೈಯಲ್ಲಿ ಅವಳ ಜಾಕೆಟ್ ಹಿಡಿದುಕೊಂಡ.

"ಸಿಕ್ಕಿದೆ! ಇನ್ ಬಿಡಲ್ಲ!"

ಅಷ್ಟರಲ್ಲಿ ಮೆಲ್ಲಗೆ ಮೋಟಾರು ಹಾಕಿಕೊಂಡು ಹತ್ತಿರ ಬಂದಿದ್ದ ನನಗೆ ತಡೆಯಲಾಗಲಿಲ್ಲ. "ಇಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತು ಮಂಡಿ ನೋಯ್ಲಿಲ್ವಾ ಅಕ್ಕಾ?"

ಬೌಕೆ ಮೆಲ್ಲಗೆ ಎದ್ದು ನಿಂತಳು. ನೀರು ಅವಳ ಎದೆಮಟ್ಟಕ್ಕಿತ್ತು.

"ಮೊದ್ಲೇ ಹೇಳಿದ್ರೆ ನೀನು ಕಲೀತಿದ್ಯಾ?" ಎಂದಳು ಶೆಂಗನಿಗೆ.

ಶೆಂಗ್ ಜಾಕೆಟ್ ಬಿಟ್ಟ. ಹಗ್ಗ ಎಳೆದುಕೊಂಡ. ಹಾಯಿ ತುಂಬಿತು.

"ದಡ ಆ ಕಡೆ. ನಡ್ಕೊಂಡ್ ಬಾ."

ಹೋಗಿಯೂಬಿಟ್ಟ. ಬೌಕೆ ನಗುತ್ತಾ ಬೈದಳು, ಬೈಯುತ್ತಾ ನಕ್ಕಳು. ಕೊನೆಗೆ ಅವನೇ ತಿರುಗಿ ಬಂದು, ಒಂದೇ ಸಲಕ್ಕೆ ಅವಳ ಪಕ್ಕದಲ್ಲಿ ದೋಣಿ ನಿಲ್ಲಿಸಿ, ಮೇಲೆಳೆದುಕೊಂಡು, ತನ್ನ ಸ್ವೆಟರ್ ಬಿಚ್ಚಿ ಹೊದಿಸಿದ.

"ಹೀಗೆಲ್ಲಾ ಹೆದರಿಸ್ಬೇಡ," ಎಂದ ಸಣ್ಣ ದನಿಯಲ್ಲಿ. "ಒಂದ್ಸಲ ಕಳ್ಕೊಂಡಿದ್ದು ಸಾಕು."

ದಡ ಸೇರುವವರೆಗೂ ಬೌಕೆ ಒಂದೂ ಕುಟುಕು ಮಾತಾಡಲಿಲ್ಲ. ಚುಕ್ಕಾಣಿಯನ್ನೂ ಕೇಳಲಿಲ್ಲ. ಅವಳನ್ನು ಬಲ್ಲ ನನಗೆ, ಅದಕ್ಕಿಂತ ದೊಡ್ಡ ಕ್ಷಮಾಪಣೆ ಅವಳಿಂದ ಬರುವುದಿಲ್ಲವೆಂದು ಗೊತ್ತಿತ್ತು.